ಅರ್ಧಕ್ಕೇ ನಿಲ್ಲುವ ಕೈ

ಹದಿನೆಂಟನೆಯ ಕುಳಿಗೆ ಬರುವಷ್ಟರಲ್ಲಿ ಎರಡೂ ಜೋಡಿ ಸಮಸಮ. ಈ ಕೊನೆಯ ಕುಳಿ ಯಾರದೋ ಆಟವೂ ಅವರದೇ. ವರ್ಷಕ್ಕೊಂದು ದಿನ ಲೋಹದ ಕೋಲುಗಳನ್ನು ಪಕ್ಕಕ್ಕಿಟ್ಟು, ಅಜ್ಜಂದಿರ ಕಾಲದ ಮರದ ಕೋಲುಗಳಲ್ಲಿ ಗಾಲ್ಫ್ ಆಡುವುದು ಆ ಕ್ಲಬ್ಬಿನ ರೂಢಿ. ಜೋಡಿಗೆ ಒಂದೇ ಚೆಂಡು. ಕಡಿಮೆ ಹೊಡೆತದಲ್ಲಿ ಅದನ್ನು ಕುಳಿಗೆ ಬೀಳಿಸಿದವರಿಗೆ ಆ ಕುಳಿ. ಒಂದು ಹೊಡೆತ ಒಬ್ಬರದು, ಮುಂದಿನದು ಇನ್ನೊಬ್ಬರದು. ಸರದಿ ತಪ್ಪಿ ಹೊಡೆದರೆ ಆ ಕುಳಿ ಎದುರಿನವರಿಗೆ.

ಒಂದು ಕಡೆ ಡಾಕ್ಟರು ಮತ್ತು ಅವರ ಹೆಂಡತಿ. ಇನ್ನೊಂದು ಕಡೆ, ಕ್ಲಬ್ಬಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಕೋಚ್ ಮತ್ತು ಅವಳ ಅಪ್ಪ. ಅಪ್ಪ ಮೂವತ್ತನಾಲ್ಕು ವರ್ಷ ಅದೇ ಕ್ಲಬ್ಬಿನ ಹಿಂದಿನ ತಗಡಿನ ಷೆಡ್ಡಿನಲ್ಲಿ ಕೂತು ಕೋಲು ರಿಪೇರಿ ಮಾಡಿದವನು. ಇವತ್ತು ಮೈದಾನಕ್ಕಿಳಿದ ಅಷ್ಟೂ ಕೋಲುಗಳ ಸೀಳಿಗೆ ಅಂಟು ಹಾಕಿ, ತಲೆ ಸೇರುವ ಕುತ್ತಿಗೆಗೆ ಮೇಣ ಹಚ್ಚಿದ ದಾರ ಬಿಗಿದಿದ್ದು ಅವನೇ. ಹುಲ್ಲಿನ ಮೇಲೆ ನಿಂತು ಚೆಂಡಿಗೆ ಹೊಡೆಯುತ್ತಿರುವುದು ಮಾತ್ರ ಇದೇ ಮೊದಲು.

ಮಗಳು ಹೊಡೆದ ಮೊದಲ ಏಟಿಗೆ ಚೆಂಡು ಬಯಲಿನ ನಟ್ಟನಡುವೆ ಹೋಗಿ ಕೂತಿತ್ತು. ಇಬ್ಬರೂ ಅದರ ಕಡೆಗೆ ನಡೆದರು.

"ಪುಟ್ಟೀ, ಚೆಂಡು ಕೋಲಿನ ತಲೆಗೆ ಮಧ್ಯದಲ್ಲಿ ಬಿದ್ರೆ 'ಟೊಕ್' ಅನ್ನುತ್ತೆ ನೋಡು. ಅಷ್ಟು ವರ್ಷ ಷೆಡ್ಡಿನೊಳಗೆ ಕೂತು ಕೇಳಿದೀನಿ. ಯಾವ ಕೋಲು, ಯಾರ ಕೈ, ಎಲ್ಲ ಕಣ್ಣು ಮುಚ್ಚಿಕೊಂಡೇ ಹೇಳ್ತಿದ್ದೆ. ಒಂದೇ ಒಂದ್ಸಲ ಆ ಸದ್ದು ನನ್ನ ಕೈಯಿಂದ ಬರಬೇಕು ಕಣೇ."

"ಬರುತ್ತಪ್ಪ. ಮೊದಲು ಗೆಲ್ಲೋಣ. ಗೆದ್ದೋರ ಹಲಗೆ ಮೇಲೆ ನಿನ್ನ ಹೆಸರು ನೋಡಬೇಕು ನಾನು."

"ಆ ಹಲಗೆ ಬಿಡು. ಅದಕ್ಕೆ ಪಾಲಿಶ್ ಹಾಕಿದ್ದು ನಾನೇ. ಎರಡು ವರ್ಷಕ್ಕೆ ಎದ್ದು ಬರುತ್ತೆ."

ಅಪ್ಪ ಉದ್ದನೆಯ ಕೋಲು ಹಿಡಿದು ಚೆಂಡಿನ ಪಕ್ಕ ನಿಂತ. ಎತ್ತಿದ. ಕೈ ಭುಜದವರೆಗೆ ಬಂತು, ಅಲ್ಲಿಗೇ ನಿಂತಿತು. 'ಟಪ್.' ಚೆಂಡು ಇಪ್ಪತ್ತು ಹೆಜ್ಜೆ ಉರುಳಿ ಸುಮ್ಮನಾಯಿತು. ಬೆಳಗಿನಿಂದಲೂ ಇದೇ ಕಥೆ.

"ಏನ್ರೀ ಮೇಸ್ತ್ರಿ," ಡಾಕ್ಟರು ಆಚೆಯಿಂದ ನಕ್ಕರು, "ಕೋಲು ಮಾಡೋ ಕೈಗೆ ಕೋಲು ಬೀಸೋಕೆ ಬರಲ್ವಾ?"

"ನೀವು ಮುರಿದಿದ್ದನ್ನ ಅಂಟಿಸಿ ಅಂಟಿಸಿ ಅಭ್ಯಾಸ ಡಾಕ್ಟ್ರೇ. ಜೋರಾಗಿ ಹೊಡೆಯೋಕೆ ಜೀವ ಒಪ್ಪಲ್ಲ."

ಡಾಕ್ಟರ ಹೆಂಡತಿ ಗಂಡನಿಗಿಂತ ಜೋರಾಗಿ ನಕ್ಕರು. ಮಗಳಿಗೆ ಮಾತ್ರ ನಗು ಬರಲಿಲ್ಲ. "ಯಾಕಪ್ಪ ಅರ್ಧಕ್ಕೇ ನಿಲ್ಲಿಸ್ತೀಯ?"

"ನಾನೆಲ್ಲಿ ನಿಲ್ಲಿಸ್ತೀನೇ, ಕೈ ತಾನಾಗೇ ನಿಲ್ಲುತ್ತೆ. ರಿಪೇರಿ ಆದ ಕೋಲನ್ನ ಒಂದ್ಸಲ ಬೀಸಿ ನೋಡೇ ಕೊಡಬೇಕಲ್ಲ? ಷೆಡ್ಡಲ್ಲಿ ಇದಕ್ಕಿಂತ ಮೇಲೆತ್ತಿದ್ರೆ ತಗಡಿಗೆ ಬಡಿಯೋದು."

"ಇಲ್ಲೆಲ್ಲಿದೆ ತಗಡು?"

ಅಪ್ಪ ತಲೆಯೆತ್ತಿ ನೋಡಿದ. ಮೋಡವೂ ಇಲ್ಲದ ಖಾಲಿ ಆಕಾಶ. "ಇಲ್ಲ," ಎಂದ. "ನನಗೆ ಗೊತ್ತು. ಕೈಗೆ ಗೊತ್ತಿಲ್ಲ."

ಅಷ್ಟರಲ್ಲಿ ಡಾಕ್ಟರ ಹೆಂಡತಿಯ ಹೊಡೆತ ದಾರಿ ತಪ್ಪಿ ಚೆಂಡು ಮರಳಿನ ಗುಂಡಿಗೆ ಬಿತ್ತು. ಡಾಕ್ಟರು ಇಳಿದು ಹೊಡೆದರು. ಮರಳು ಹಾರಿತು, ಚೆಂಡು ಕದಲಲಿಲ್ಲ. ಅವರಾಕೆ ಹೊಡೆದರು, ಆಗಲೂ ಇಲ್ಲ. ಮಗಳು ಕುಳಿಯ ಬಾವುಟದ ಕಡೆ ನೋಡಿ ದೂರ ಅಳೆದಳು. ಈಗ ಸರದಿ ಅವಳದು. ಒಂದು ಒಳ್ಳೆಯ ಏಟು ಬಿದ್ದರೆ ಚೆಂಡು ಬಾವುಟದ ಹತ್ತಿರ. ಆಮೇಲೆ ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸುವುದಷ್ಟೇ. ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಎರಡು ಹೆಸರು, ಅಪ್ಪನದು ಮೊದಲು.

ಅವಳು ಕೋಲಿಗೆ ಕೈ ಚಾಚಿದಳು. ಅಪ್ಪ ಕೊಡಲಿಲ್ಲ. ಚೆಂಡಿನ ಪಕ್ಕದಲ್ಲೇ ನಿಂತಿದ್ದ.

"ಪುಟ್ಟೀ, ನೀನು ಹೊಡೆದ್ರೆ ಅಲ್ಲಿಗೆ ಮುಟ್ಟುತ್ತೆ, ಅಲ್ವಾ?"

"ಮುಟ್ಟುತ್ತಪ್ಪ."

"ಹಾಗಾದ್ರೆ ನನಗೆ ದೊಡ್ಡ ಹೊಡೆತ ಅಂತ ಇನ್ನೊಂದು ಉಳಿಯಲ್ಲ."

"ಆಟ ಮುಗೀಲಿ. ಆಮೇಲೆ ಎಷ್ಟು ಬೇಕಾದ್ರೂ ಹೊಡಿಯಂತೆ."

"ಆಮೇಲೆ ಎಲ್ಲಿ?"

ಮುಂದಿನ ವರ್ಷದಿಂದ ಮರದ ಕೋಲಿನ ಆಟವಿಲ್ಲ ಎಂದು ಸಮಿತಿಯವರು ಬೆಳಿಗ್ಗೆಯೇ ಹೇಳಿದ್ದರು. ಈ ಆಟ ಮುಗಿದ ಕೂಡಲೇ ಕೋಲುಗಳೆಲ್ಲ ಗಾಜಿನ ಬೀರುವಿಗೆ. ಕಾರ್ಯದರ್ಶಿ ಬೀಗ ಹಿಡಿದುಕೊಂಡೇ ಕ್ಲಬ್ಬಿನ ಮೆಟ್ಟಿಲ ಮೇಲೆ ಕೂತಿದ್ದ. ಬೀರು ಮಾಡಿದ್ದೂ ಅಪ್ಪನೇ.

"ಇನ್ನೊಂದ್ಸಲ ನಾನೇ ಹೊಡೀಲಾ?" ಅಪ್ಪ ಕೇಳಿದ. ಚಿಕ್ಕವಳಿದ್ದಾಗ ಅವಳು ಜಾರುಬಂಡಿ ಬಿಟ್ಟು ಬರಲೊಲ್ಲದೆ ಕೇಳುತ್ತಿದ್ದ ಧಾಟಿಯಲ್ಲೇ ಕೇಳಿದ, ಅವಳ ಮುಖ ನೋಡದೆ.

ಸರದಿಯ ನಿಯಮ ಅವನಿಗೆ ಗೊತ್ತಿಲ್ಲದ್ದೇನಲ್ಲ. ಮಗಳು ದೂರದ ಕ್ಲಬ್ಬಿನ ಕಿಟಕಿಯ ಕಡೆಗೊಮ್ಮೆ ನೋಡಿದಳು. ಹಲಗೆ ಇಲ್ಲಿಂದ ಕಾಣುತ್ತಿರಲಿಲ್ಲ. ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಕಾಲು ಸ್ವಲ್ಪ ಅಗಲ ಮಾಡ್ಕೋ," ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು.

ಡಾಕ್ಟರು ಗುಂಡಿಯೊಳಗಿಂದಲೇ ಕೂಗಿದರು. "ಏನಮ್ಮಾ ಕೋಚ್, ಸರದಿ ನಿಂದು! ಮೇಸ್ತ್ರಿ ಹೊಡೆದ್ರೆ ಕುಳಿ ನಮ್ದು ನೋಡು, ಆಟಾನೂ ನಮ್ದೇ!"

"ಗೊತ್ತು ಡಾಕ್ಟ್ರೇ. ನಿಮ್ದೇ, ತಗೊಳ್ಳಿ."

"ಅಲ್ಲಮ್ಮಾ, ಗೆಲ್ಲೋ ಆಟಾನ ಯಾರಾದ್ರೂ..."

ಅವಳು ತುಟಿಯ ಮೇಲೆ ಬೆರಳಿಟ್ಟಳು. ಅಪ್ಪನ ಕೈ ಭುಜ ದಾಟಿತ್ತು.