ಬೋಂಡನ ಟೇಬಲ್ಲಿನ ಎರಡನೇ ಟೀ

ಮೈಸೂರಿನಲ್ಲಿ ನನ್ನದೊಂದು ಪುಟ್ಟ ಟೀ ರೂಮ್ ಇದೆ. ಹೊರಗೆ ಸಂಪಿಗೆ ಮರದ ಕೆಳಗೆ ಐದು ಟೇಬಲ್... ನಾಯಿಗಳನ್ನೂ ಕರೆದುಕೊಂಡು ಬರಬಹುದು.

ನಮ್ಮಲ್ಲೊಂದು ಪದ್ಧತಿ. ಮೊದಲು ನಾಯಿಗೆ ನೀರು, ಆಮೇಲೆ ಮನುಷ್ಯರಿಗೆ ಟೀ. ಇದಕ್ಕೆ ಮುನಿಸಿಕೊಂಡು ಎದ್ದು ಹೋದವರೂ ಇದ್ದಾರೆ... ಹೋಗಲಿ ಬಿಡಿ.

ಪಂಕಜಮ್ಮ ಪ್ರತಿ ಶನಿವಾರ ಸಂಜೆ ತಮ್ಮ ಮುದಿ ನಾಯಿ ಬೋಂಡನ ಜೊತೆ ಬರುತ್ತಿದ್ದರು. ನಾಲ್ಕು ವರ್ಷದಲ್ಲಿ ಒಂದು ವಾರವೂ ತಪ್ಪಿಸಿದವರಲ್ಲ. ಇದ್ದಕ್ಕಿದ್ದಂತೆ ಮೂರು ವಾರ ಇಬ್ಬರೂ ಕಾಣಲಿಲ್ಲ...

ಕಳೆದ ಶನಿವಾರ ಬೋಂಡ ಬಂದ. ಹಗ್ಗ ಹಿಡಿದಿದ್ದವರು ಪಂಕಜಮ್ಮನ ಯಜಮಾನರು, ಪಾತ್ರೆ ಅಂಗಡಿಯ ಅಶ್ವತ್ಥ ಶೆಟ್ಟರು. ಅವರು ನಮ್ಮಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು.

“ಅಮ್ಮ ಬರಲಿಲ್ವಾ ಸರ್?”

“ಹೋಗ್ಬಿಟ್ಳಮ್ಮ... ಹಾರ್ಟ್ ಅಟ್ಯಾಕು.”

ನಾನು ಕುರ್ಚಿ ಎಳೆದು ಕೊಟ್ಟೆ. ಅವರು ನಿಂತೇ ಹೇಳಿದರು,

“ಇಲ್ಲಿ ನಾಯಿ ಸಾಕೋರು ಬರ್ತಾರಂತಲ್ಲ, ಯಾರಿಗಾದ್ರೂ ಇದನ್ನ ಕೊಟ್ಬಿಡಿ. ಊಟ ಬಿಟ್ಟು ಕೂತಿದೆ. ನನಗೂ ಇದಕ್ಕೂ ಮೊದಲಿಂದ ಆಗಿಬರಲ್ಲ.”

ಅಷ್ಟರಲ್ಲಿ ಬೋಂಡ ಅವರನ್ನು ಎಳೆದುಕೊಂಡು ಮೂಲೆಯ ಟೇಬಲ್ಲಿಗೆ ಹೋಗಿಬಿಟ್ಟ. ಶೆಟ್ಟರು ಗೊಣಗುತ್ತಲೇ ಕೂತರು.

ಬೋಂಡನಿಗೆ ನೀರಿಟ್ಟೆ. ಆಮೇಲೆ... ಅಭ್ಯಾಸಬಲ ನೋಡಿ, ಎರಡು ಟೀ ತಂದಿಟ್ಟೆ.

“ಇನ್ನೊಂದು ಯಾರಿಗೆ?”

“ಅದು ಅಮ್ಮನದು ಸರ್. ಇದು ನಿಮ್ಮದು, ಸಕ್ಕರೆ ಹಾಕಿಲ್ಲ. ಅಮ್ಮ ಪ್ರತಿ ವಾರ ಎರಡು ಹೇಳ್ತಿದ್ರು. ‘ನಮ್ಮನೆಯವರಿಗೆ ಶುಗರ್ರು, ಅವರದಕ್ಕೆ ಸಕ್ಕರೆ ಬೇಡ, ಈಗ ಬರ್ತಾರೆ’ ಅನ್ನೋರು.”

ಶೆಟ್ಟರ ಮುಖ ಬಿಳಿಚಿಕೊಂಡಿತು.

“ಕರೀತಿದ್ಲು... ನಾಯಿಗಳ ಮಧ್ಯೆ ಕೂತು ಟೀ ಕುಡಿಯೋಕೆ ನನಗೇನು ಹುಚ್ಚಾ ಅಂತ ಬಯ್ತಿದ್ದೆ.”

ಸಕ್ಕರೆಯಿಲ್ಲದ ಕಪ್ಪನ್ನು ಹತ್ತಿರ ಎಳೆದುಕೊಂಡು ಕೇಳಿದರು, “ನಾನು ಬರದೇ ಇದ್ದಾಗ ಆ ಟೀ ಏನು ಮಾಡ್ತಿದ್ಲು?”

“ತಣ್ಣಗಾದ್ಮೇಲೆ ತಾವೇ ಕುಡೀತಿದ್ರು. ಸಪ್ಪೆ ಟೀ ಅವರಿಗೆ ಸೇರ್ತಿರಲಿಲ್ಲ... ಆದ್ರೂ ಚೆಲ್ಲೋಕೆ ಬಿಡ್ತಿರಲಿಲ್ಲ. ಬೋಂಡನಿಗೆ ಮಾತ್ರ ‘ಅಪ್ಪ ಬರ್ತಾರೆ, ಗೇಟ್ ನೋಡ್ತಿರು’ ಅನ್ನೋರು.”

ಶೆಟ್ಟರು ಕೆಳಗೆ ನೋಡಿದರು. ಬೋಂಡ ಗೇಟಿನ ಕಡೆಗೇ ಮುಖ ಮಾಡಿ ಕೂತಿದ್ದ. ನಾಲ್ಕು ವರ್ಷ ಇವರಿಗಾಗಿ ಕಾದವನು ಇವತ್ತು ಪಂಕಜಮ್ಮನಿಗಾಗಿ ಕಾಯುತ್ತಿದ್ದ...

ಅರವತ್ತೆಂಟು ವರ್ಷದ ಆ ಮನುಷ್ಯ ನೆಲಕ್ಕೆ ಕೂತು, ನಾಯಿಯನ್ನು ತಬ್ಬಿಕೊಂಡು ಅತ್ತುಬಿಟ್ಟರು.

“ಅವಳು ಬರಲ್ಲ ಕಣೋ... ನಾನು ಲೇಟಾಗಿ ಬಂದೆ ಕಣೋ...”

ಪಕ್ಕದ ಟೇಬಲ್ಲಿನವರು ಕಪ್ ಕೆಳಗಿಟ್ಟರು. ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಅವರು ಆ ತಣ್ಣಗಾದ ಸಪ್ಪೆ ಟೀಯನ್ನು ಪೂರ್ತಿ ಕುಡಿದರು. ಸಕ್ಕರೆಯದು ಹಾಗೇ ಇತ್ತು. ನಾನು ತಂದುಕೊಟ್ಟ ಬನ್ ಮುರಿದು ಬೋಂಡನ ಮುಂದೆ ಹಿಡಿದರು... ತುಂಬಾ ಹೊತ್ತಾದ ಮೇಲೆ ಅವನು ಒಂದು ತುಂಡು ತಿಂದ.

ಹೊರಡುವಾಗ ಶೆಟ್ಟರು ಅಂದರು, “ಇವನನ್ನ ಯಾರಿಗೂ ಕೊಡೋದು ಬೇಡಮ್ಮ. ಶನಿವಾರ ಬರ್ತೀವಿ. ಎರಡು ಟೀ ಇಡು.”

ಕರೆಯುವವರು ಇರುವಾಗಲೇ ಹೋಗಿ ಕೂರಬೇಕು... ಆಮೇಲೆ ಕುರ್ಚಿ ಸಿಗುತ್ತದೆ, ಜೊತೆ ಸಿಗುವುದಿಲ್ಲ.

ನಿಮಗಾಗಿ ಇವತ್ತು ಯಾರ ಟೇಬಲ್ಲಿನ ಮೇಲೆ ಟೀ ತಣ್ಣಗಾಗುತ್ತಿದೆ?