ದೋಷ ಕಾರ್ಡಿನದೇ

ರನ್‌ವೇ ಮತ್ತೆ ಕರಗಿಹೋಯಿತು.

ಕಂಪ್ಯೂಟರಿನಲ್ಲಿ ವಿಮಾನ ಇಳಿಯುತ್ತಿತ್ತು. ಆಕಾಶ ತಿಳಿಯಾಗಿತ್ತು, ಮೋಡವಾಗಲಿ ಮಂಜಾಗಲಿ ಬೇಡವೆಂದು ಅವನೇ ಆಟವನ್ನು ಹಾಗೆ ಹೊಂದಿಸಿಕೊಂಡಿದ್ದ. ಆದರೂ ಪರದೆಯ ನಟ್ಟನಡುವೆ ಬಿಳಿ ಗೆರೆಗಳು ಹಾಲಿನಲ್ಲಿ ಅದ್ದಿದಂತೆ ಮಸುಕಾದವು. ಗಾಲಿಗಳು ಮುಟ್ಟಿದ್ದು ರನ್‌ವೇಯನ್ನಲ್ಲ, ಪಕ್ಕದ ಹುಲ್ಲನ್ನು. ವಿಮಾನ ಮಗುಚಿತು, ಆಟ ನಿಂತಿತು.

"ಹಾಳು ಕಾರ್ಡು," ಎಂದ, ಕೋಣೆಯಲ್ಲಿ ಕೇಳುವವರು ಯಾರೂ ಇಲ್ಲದಿದ್ದರೂ.

ಅದು ಮನೆಯ ಅತಿ ಚಿಕ್ಕ ಕೋಣೆ. ಮೊದಲು ಹಳೆಯ ಹಾಸಿಗೆ, ಸೂಟ್‌ಕೇಸುಗಳನ್ನು ತುಂಬಿಡುತ್ತಿದ್ದರು. ಈಗ ಮೇಜಿಗೆ ಬಿಗಿದ ಚುಕ್ಕಾಣಿ, ಕಾಲ ಬಳಿ ಪೆಡಲು, ಎದುರಿಗೆ ಪರದೆ. ಕುರ್ಚಿ ಹಿಂದೆ ಸರಿಸಿದರೆ ಗೋಡೆಗೆ ಬಡಿಯುತ್ತಿತ್ತು. ರಜೆಯ ದಿನವೆಲ್ಲ ಬಾಗಿಲು ಹಾಕಿಕೊಂಡು ಅಲ್ಲೇ ಕೂತಿರುತ್ತಿದ್ದ. ಹೆಂಡತಿ ಊಟಕ್ಕೆ ಕರೆದರೆ, ಇದೊಂದನ್ನು ಇಳಿಸಿ ಬಂದೆ ಎನ್ನುತ್ತಿದ್ದ. ಇಳಿಸಲು ಆಗುತ್ತಿರಲಿಲ್ಲ.

ಮೊದಲು ಪರದೆಯನ್ನು ಒರೆಸಿ ನೋಡಿದ. ಆಮೇಲೆ ವೈರು ಬದಲಿಸಿದ. ಅದೂ ಆಗದೆ ಪರದೆಯನ್ನೇ ಬದಲಿಸಿದ. ಉಳಿದಿದ್ದು ಪರದೆಗೆ ಚಿತ್ರ ಬಿಡಿಸಿಕೊಡುವ ಗ್ರಾಫಿಕ್ಸ್ ಕಾರ್ಡ್ ಒಂದೇ. ಅದನ್ನೂ ಬದಲಿಸಿಬಿಟ್ಟರೆ ದೂರಲು ಇನ್ನೇನೂ ಉಳಿಯುವುದಿಲ್ಲ. ಅದಕ್ಕೇ ಅಂಗಡಿಗೆ ಹೋಗುವುದನ್ನು ಇವತ್ತು ನಾಳೆ ಎಂದು ತಳ್ಳುತ್ತ ಬಂದಿದ್ದ.

ಕೊನೆಗೆ ಹೆಂಡತಿಯೇ ಹೊರಡಿಸಿದಳು. ಕಾರನ್ನೂ ಅವಳೇ ಓಡಿಸಿದಳು. ಪಾರ್ಕಿಂಗ್ ಹುಡುಕುವ ರಗಳೆ ತನಗಾಗದು ಎಂದು ಅವನು ಈಚೆಗೆ ಕೀಲಿಕೈಯನ್ನು ಅವಳಿಗೇ ಒಪ್ಪಿಸಿಬಿಟ್ಟಿದ್ದ.

ಅಂಗಡಿಯಾಕೆ ಚುರುಕು ಹೆಂಗಸು. ಅವನ ಪರದೆ ಎಷ್ಟು ದೊಡ್ಡದು, ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಎಷ್ಟು ಜಾಗವಿದೆ ಎಂದೆಲ್ಲ ವಿಚಾರಿಸಿದಳು. ವಿಮಾನದ ಆಟವೆಂದರೆ ಊರು, ಬೆಟ್ಟ, ಕಟ್ಟಡಗಳನ್ನೆಲ್ಲ ಕ್ಷಣಕ್ಷಣಕ್ಕೂ ಹೊಸದಾಗಿ ಬಿಡಿಸಬೇಕು, ಕಾರ್ಡಿನಲ್ಲಿ ಮೆಮೊರಿ ಧಾರಾಳವಾಗಿರಬೇಕು ಎಂದು ವಿವರಿಸಿ ಮೂರು ಕಾರ್ಡುಗಳನ್ನು ಮುಂದಿಟ್ಟಳು. ಮೊದಲನೆಯದು ಸಣ್ಣ ಪರದೆಗೆ ಸಾಕು. ಎರಡನೆಯದು ಅವನ ಕಂಪ್ಯೂಟರಿಗೆ ಹೇಳಿ ಮಾಡಿಸಿದಂತಿತ್ತು. ಮೂರನೆಯದು ಇಟ್ಟಿಗೆಯಷ್ಟು ದಪ್ಪ, ಮೈತುಂಬ ಫ್ಯಾನು. ಅದು ಬೇಕಿದ್ದರೆ ಪವರ್ ಸಪ್ಲೈ ಕೂಡ ಬದಲಿಸಬೇಕಿತ್ತು.

"ನಿಮ್ಮ ಹಳೇದೂ ಕೆಟ್ಟ ಕಾರ್ಡೇನಲ್ಲ ಸರ್," ಎಂದಳು. "ಚಿತ್ರ ತಡೆದು ತಡೆದು ಓಡಬಹುದು. ಮಸುಕಾಗತ್ತೆ ಅಂದ್ರೆ ಮಾತ್ರ ನಂಗೆ ಅರ್ಥ ಆಗ್ತಿಲ್ಲ."

"ದೂರದ್ದು ಮಸುಕಾಗತ್ತೆ. ಮಧ್ಯದಲ್ಲಿ."

"ಹಾಗಾದ್ರೆ ದೊಡ್ಡದ್ರಲ್ಲೇ ಒಂದ್ಸಲ ನೋಡಿಬಿಡಿ."

ಗೋಡೆಯಗಲದ ಪರದೆಯಲ್ಲಿ ಅದೇ ಆಟ ತೆರೆದುಕೊಂಡಿತು. ಚುಕ್ಕಾಣಿಯ ಮುಂದೆ ಕೂತದ್ದೇ ಅವನ ಬೆನ್ನು ನೆಟ್ಟಗಾಯಿತು. ಕೈಗಳು ಒಂದೊಂದು ಗುಂಡಿಯನ್ನೂ ನೋಡದೆಯೇ ಹುಡುಕಿಕೊಂಡವು. ಅಂಗಡಿಯಾಕೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತಳು.

"ಇಷ್ಟು ಶಿಸ್ತಾಗಿ ಆಡೋರನ್ನ ನಾನು ನೋಡೇ ಇಲ್ಲ. ನಿಜವಾದ ವಿಮಾನ ಕೈಗೆ ಕೊಟ್ರೆ ಏನು ಮಾಡಿಬಿಡ್ತೀರೋ ಸರ್."

ಹೆಂಡತಿ ನಕ್ಕಳು. ಅವನು ನಗಲಿಲ್ಲ.

ರನ್‌ವೇ ಹತ್ತಿರವಾಯಿತು. ನೆಲದ ಮೇಲೆ ಬರೆದ ನಂಬರನ್ನೂ ಓದಬಹುದು ಎಂದು ಹೆಂಡತಿ ಬೆರಗಾದಳು. ಅಂಚಿನ ದೀಪಗಳನ್ನು ಎಣಿಸಬಹುದು ಎಂದಳು ಅಂಗಡಿಯಾಕೆ. ಅವನು ದಿಟ್ಟಿಸಿದ. ಹಾಲು. ಮುಖವನ್ನು ಕೊಂಚ ಓರೆ ಮಾಡಿದರೆ ಅಂಚಿನ ದೀಪಗಳು ಕಂಡವು. ನೇರ ನೋಡಿದರೆ ಮತ್ತೆ ಅದೇ ಹಾಲು. ಎದುರಿಗಿದ್ದುದು ಅಂಗಡಿಯಲ್ಲೇ ಅತ್ಯುತ್ತಮವಾದ ಕಾರ್ಡು. ಅದರಾಚೆ ಇನ್ನೊಂದಿರಲಿಲ್ಲ.

"ಹೇಗಿದೆ ಸರ್?"

ಇಬ್ಬರೂ ಅವನನ್ನೇ ನೋಡುತ್ತಿದ್ದರು.

"ಸ್ಪಷ್ಟವಾಗಿದೆ," ಎಂದ. "ದೋಷ ಕಾರ್ಡಿನದೇ. ಇದನ್ನೇ ಕೊಡಿ."

ಹಿಂತಿರುಗುವಾಗ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದ. ಕೆಲಸದಲ್ಲಿ ಇಷ್ಟು ದಿನ ಹೇಗೋ ತಳ್ಳಿದ್ದ. ನಾಜೂಕಾದ ಘಟ್ಟ ಬಂದಾಗಲೆಲ್ಲ ಪಕ್ಕದಲ್ಲಿ ಕೂರುವ ಕಿರಿಯಳಿಗೆ, ನೀನೇ ಮಾಡು, ಕೈ ಪಳಗಲಿ ಎಂದು ಬಿಟ್ಟುಕೊಡುತ್ತಿದ್ದ. ಇಂಥ ದೊಡ್ಡ ಮನಸ್ಸಿನ ಹಿರಿಯರು ಸಿಗುವುದಿಲ್ಲವೆಂದು ಅವಳು ಎಲ್ಲರ ಹತ್ತಿರ ಹೊಗಳುತ್ತಿದ್ದಳು. ಹೇಳಬೇಕಾಗಿರುವುದು ಒಂದೇ ಒಂದು ಮಾತು. ಅದನ್ನು ಆಡಿದ ಮರುಗಳಿಗೆ, ಬುದ್ಧಿ ಬಂದಾಗಿನಿಂದ ತಾನು ಏನಾಗಿದ್ದನೋ ಅದು ಮುಗಿಯಿತು. ಆಡದಿದ್ದರೆ ಎದೆಯ ಮೇಲಿನ ಕಲ್ಲು ಹಾಗೇ. ಎತ್ತ ಹೊರಳಿದರೂ ಗೋಡೆ.

ಮನೆಯಲ್ಲಿ ಕಾರ್ಡನ್ನೂ ಹೊಸ ಪವರ್ ಸಪ್ಲೈಯನ್ನೂ ಕೂರಿಸಿದ್ದಾಯಿತು. ಹೆಂಡತಿ ಕಾಫಿ ಕುಡಿಯುತ್ತ ಬಾಗಿಲಿಗೆ ಒರಗಿ ನಿಂತಳು. ಈ ಸಲ ಅವನು ಪರದೆಯನ್ನು ನಂಬಲೇ ಇಲ್ಲ. ಆಟದಲ್ಲಿ ಎತ್ತರವನ್ನು ಕೂಗಿ ಹೇಳುವ ದನಿಗೆ ಕಿವಿಗೊಟ್ಟ, ಮಿಕ್ಕಿದ್ದನ್ನು ಕೈಗಳ ಅಭ್ಯಾಸಕ್ಕೆ ಬಿಟ್ಟ. ಗಾಲಿಗಳು ನಡುಗೆರೆಯ ಮೇಲೆಯೇ ಕೂತವು. ಹಾಗೆ ಕೂತದ್ದನ್ನು ಅವಳು ಕಂಡಳು, ಅವನು ಕಾಣಲಿಲ್ಲ.

"ನೋಡಿದ್ರಾ? ಸುಮ್ನೆ ತಲೆ ಕೆಡಿಸ್ಕೊಂಡಿದ್ರಿ. ಇನ್ನಾದ್ರೂ ನಿಶ್ಚಿಂತೆಯಾಗಿರಿ."

"ಒಂದು ವಿಷಯ..." ಎಂದ.

"ಏನ್ರೀ?"

ಅವಳ ಮುಖ ಅರಳಿತ್ತು. ಓರೆಗಣ್ಣಿನಿಂದ ಅಷ್ಟು ಕಾಣುತ್ತಿತ್ತು.

"ಏನಿಲ್ಲ. ನಾಳೆ ಬೆಳಿಗ್ಗೆ ಡ್ಯೂಟಿ ಇದೆ. ಷರಟು ಇಸ್ತ್ರಿ ಆಗಿದೆಯಾ?"

ಆಗಿದೆ, ಬಾಗಿಲ ಹಿಂದೆ ನೇತುಹಾಕಿದ್ದೇನೆ ಎಂದು ಅವಳು ಖಾಲಿ ಲೋಟ ತೆಗೆದುಕೊಂಡು ಹೋದಳು.

ಮರುದಿನ ಬೆಳಿಗ್ಗೆ, ಬೆನ್ನ ಹಿಂದೆ ವಿಮಾನ ತುಂಬ ಜನ ಬೆಲ್ಟ್ ಬಿಗಿದುಕೊಂಡು ಕೂತಿರುವಾಗ, ಮೇಲೇರಲು ಅಪ್ಪಣೆ ಬಂದ ಮೇಲೆ, ಅವನು ಎಂಜಿನ್ನಿನ ಹಿಡಿಯಿಂದ ಕೈ ತೆಗೆದು ಪಕ್ಕದ ಸೀಟಿನವಳಿಗೆ ಮೆಲ್ಲಗೆ ಹೇಳಿದ: "ವಾಪಸ್ ತಿರುಗಿಸಮ್ಮ. ನನಗೆ ಕಣ್ಣು ಕಾಣ್ತಿಲ್ಲ."