ದಪ್ಪ ಲಕೋಟೆ

"ಎಂಬತ್ತಮೂರಕ್ಕೆ ಸಮನಾದ ವರ್ಷ ಇನ್ನೊಂದಿಲ್ಲ ಕಣೋ," ಎಂದು ಮುದುಕ ತಗಡಿನ ಡಬ್ಬಿಯಲ್ಲಿದ್ದ ಲಕೋಟೆಗಳನ್ನು ಮೇಜಿನ ಮೇಲೆ ಸುರಿದ. ಮೂವತ್ತು ವರ್ಷ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸಿದವನು. ರೀಲು ಹರಿದಾಗಲೆಲ್ಲ, ಅಂಟಿಸುವ ಮುನ್ನ ಕತ್ತರಿಸಿದ ತುಣುಕನ್ನು ಆಯಾ ವರ್ಷದ ಲಕೋಟೆಗೆ ಹಾಕಿಡುತ್ತಿದ್ದ. ಹೆಚ್ಚು ದಿನ ಓಡಿದ ಚಿತ್ರವೇ ಹೆಚ್ಚು ಹರಿಯುತ್ತದೆ, ಆದ್ದರಿಂದ ದಪ್ಪ ಲಕೋಟೆಯೇ ಒಳ್ಳೆಯ ವರ್ಷ ಎಂಬುದು ಅವನ ವಾದ.

"ಸುಮ್ನಿರಯ್ಯ, ಎಪ್ಪತ್ತೆಂಟರಲ್ಲಿ ಜನರ ನೂಕಾಟಕ್ಕೆ ನನ್ನ ಅಂಗೀಲಿ ಒಂದು ಗುಂಡೀನೂ ಉಳೀತಿರಲಿಲ್ಲ," ಎಂದು ಹಳೆಯ ಗೇಟ್‌ಕೀಪರ್ ನಕ್ಕ. ಆದರೆ ಎರಡೂ ಲಕೋಟೆಗಳನ್ನು ಕೈಯಲ್ಲಿ ತೂಗಿ ನೋಡಿ ಸೋಲೊಪ್ಪಿಕೊಂಡ. "ಆಯ್ತಪ್ಪ, ನಿಂದೇ ದಪ್ಪ. ಆಗದೇ ಇರುತ್ತಾ? ಆ ವರ್ಷ, ಹೆಂಡತಿ ಆಸ್ಪತ್ರೇಲಿದ್ದಾಳೆ, ಹೋಗು ಅಂತ ಯಜಮಾನ್ರು ಎರಡು ತಿಂಗಳು ರಜಾ ಕೊಟ್ರೂ ನೀನು ಒಂದು ಆಟ ಬಿಟ್ಟೋನಲ್ಲ."

ಕಿಟಕಿಯ ಬೆಳಕಿಗೆ ತುಣುಕೊಂದನ್ನು ಹಿಡಿದು ನೋಡುತ್ತಿದ್ದ ಮುದುಕನ ಮಗಳ ಕೈ ಹಾಗೇ ನಿಂತಿತು. "ರಜಾ ಕೊಟ್ಟಿದ್ರಾ, ಮಾಮ?"

ಗೇಟ್‌ಕೀಪರ್ ನಾಲಿಗೆ ಕಚ್ಚಿಕೊಂಡ. ಮುದುಕ ಕತ್ತೆತ್ತಲಿಲ್ಲ. ಆ ಹಾಸಿಗೆಯ ಪಕ್ಕ ಕೂರಲು ತನಗೆ ಹೆದರಿಕೆಯಿತ್ತು ಎಂಬುದನ್ನು ಅವನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

"ಅಮ್ಮ ಕೊನೇ ದಿನದವರೆಗೂ ಬಾಗಿಲನ್ನೇ ನೋಡ್ತಿದ್ಲು," ಎಂದಳು ಮಗಳು. "ಅಪ್ಪಂಗೆ ರಜಾ ಕೊಡ್ತಿಲ್ಲಮ್ಮ ಅಂತ ದಿನಾ ನಾನೇ ಸಮಾಧಾನ ಮಾಡ್ತಿದ್ದೆ." ಕೈಯಲ್ಲಿದ್ದ ತುಣುಕನ್ನು ಎಂಬತ್ತಮೂರರ ಲಕೋಟೆಗೆ ಹಾಕಿ, ಅದನ್ನು ತಂದೆಯ ಮುಂದಕ್ಕೆ ಸರಿಸಿದಳು. "ತಗೊಳ್ಳಿ ಅಪ್ಪ. ನೀವೇ ಗೆದ್ರಿ."